ದ್ರಾಕ್ಷಿ ಸೀಮೆಗೆ ಹೋಗಿ ವೈನ್ ಮುಟ್ಟದೆ ಬರೋದು: ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ವರ್ಷದಲ್ಲಿ ನಾಲ್ಕು ಸಲ ನಮ್ಮ ಮನೆಮಂದಿ, ಓಣಿಯವರು ಸೇರಿ ನಂದಿಬೆಟ್ಟದ ಬುಡದ ದ್ರಾಕ್ಷಿ ತೋಟಗಳಿಗೆ ಹೋಗಿ ಬಂದಿದ್ದೇವೆ. ನಾಲ್ಕು ಸಲವೂ ಯಾರೂ ಒಂದು ಗುಟುಕು ಕುಡಿದಿಲ್ಲ. ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಮದುವೆ ಮನೆಯಲ್ಲೋ, ಬೆಣ್ಣೆ ದೋಸೆ ಹೋಟೆಲಲ್ಲಿ ಟೇಬಲ್ಲಿಗೆ ಕಾಯುವಾಗಲೋ ಮೆಲ್ಲಗೆ ಪಕ್ಕಕ್ಕೆ ಕರೆದು, "ಅದೇನೋ ಟ್ರಿಪ್ ಮಾಡಿದ್ರಂತಲ್ರೀ, ಹೆಂಗೆ ಮಾಡಿದ್ರಿ?" ಅಂತ ವಿಚಾರಿಸುತ್ತಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ವೈನ್ ಇರೋ ಊರಿಗೇ ಹೋಗಿ ಕುಡಿಯದೆ ಬರೋದು ಯಾಕೆ? ಬೇರೆ ಊರೇ ಇಲ್ವಾ?

ನಮ್ಮ ಭಾವ ಮೊದಲ ಸಲ ಕೇಳಿದ್ದೂ ಇದನ್ನೇ. "ಕೊಟ್ಟೂರು ಜಾತ್ರಿಗೆ ಹೋಗಿ ತೇರು ನೋಡ್ದೇ ಬಂದಂಗಾತು ಬಿಡು" ಅಂದರು. ನಾನು ಹೇಳಿದ್ದು ಇಷ್ಟೇ: ಅಲ್ಲಿ ತೇರು ಅಂದರೆ ದ್ರಾಕ್ಷಿ, ವೈನ್ ಅಲ್ಲ. ವೈನ್ ಬಾಟಲಿ ದಾವಣಗೆರೆಯ ಅಂಗಡಿಯಲ್ಲೂ ಸಿಗುತ್ತೆ. ಕಲ್ಲುಕಂಬದ ಚಪ್ಪರದ ಕೆಳಗೆ ಬಗ್ಗಿಕೊಂಡು ನಡೆಯುವಾಗ ತಲೆಗೆ ತಾಗುವ ಗೊಂಚಲು ಇಲ್ಲಿ ಸಿಗಲ್ಲ.

ಇನ್ನೊಂದು ಕಾರಣ ನಮ್ಮ ಮನೆಯದು. ನಮ್ಮಣ್ಣ ಕುಡಿಯೋದು ಬಿಟ್ಟು ಆಗ ಎರಡು ವರ್ಷ ಆಗಿತ್ತು. ಆಮೇಲೆ ಯಾರೇ ಟ್ರಿಪ್ ಹಾಕಿದರೂ ಅವನು ಡ್ರೈವರ್ ಮಾತ್ರ. ಸಂಜೆ ಏಳಾದರೆ ಎಲ್ಲರೂ ಒಂದು ರೂಮಲ್ಲಿ, ಅವನೊಬ್ಬನೇ ಕಾರಿನ ಹತ್ತಿರ ಮೊಬೈಲ್ ನೋಡ್ತಾ ನಿಂತಿರೋನು. ಹಾಗೆ ಒಬ್ಬರನ್ನು ಹೊರಗೆ ನಿಲ್ಲಿಸದ ಒಂದು ಪ್ರವಾಸ ಬೇಕಿತ್ತು. ಜಾಗ ಆರಿಸಿದ್ದೂ ಅವನೇ. "ದ್ರಾಕ್ಷಿ ಏನು ತಪ್ಪು ಮಾಡೈತೆ?" ಅಂದ.

ನಮ್ಮೂರಿಂದ ಯಾವ ಕಡೆ ಹೋಗೋದು ಒಳ್ಳೇದು?

ಎರಡು ದಿನಕ್ಕಾದರೆ ದೊಡ್ಡಬಳ್ಳಾಪುರ, ನಂದಿ, ಚಿಕ್ಕಬಳ್ಳಾಪುರದ ಸುತ್ತು. ಊಟದ ದ್ರಾಕ್ಷಿ, ವೈನ್ ದ್ರಾಕ್ಷಿ ಎರಡೂ ಅಲ್ಲಿವೆ. ಗ್ರೋವರ್ ವೈನ್ ಕಂಪನಿಯವರು 1988ರಲ್ಲಿ ಫ್ರಾನ್ಸಿನ ತಳಿಗಳನ್ನು ತಂದು ಬಳ್ಳಿ ನೆಟ್ಟಿದ್ದು ಈ ಬೆಟ್ಟದ ಬುಡದಲ್ಲೇ. ಅದಕ್ಕೂ ಎಷ್ಟೋ ಮುಂಚಿನಿಂದ ರೈತರು ಬೆಳೆಯುತ್ತಿದ್ದದ್ದು ಬೆಂಗಳೂರು ಬ್ಲೂ. ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗಿಟ್ಟರೆ ಮೂಗಿಗೆ ಹತ್ತುವ ವಾಸನೆ. ನಾವು ಚಿಕ್ಕಂದಿನಲ್ಲಿ 'ಕಪ್ಪು ದ್ರಾಕ್ಷಿ' ಅನ್ನುತ್ತಿದ್ದದ್ದು ಇದನ್ನೇ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್ ಸಿಕ್ಕಿತು.

ವಿಜಯಪುರದ ಕಡೆ ದ್ರಾಕ್ಷಿ ಇದಕ್ಕಿಂತ ಹೆಚ್ಚು, ಆದರೆ 300 ಕಿ.ಮೀ. ಮೀರುತ್ತೆ, ಎರಡು ದಿನ ಸಾಲದು. ಮೂರು ದಿನ ಇದ್ದರೆ ಹೋಗಿ. ಒಣದ್ರಾಕ್ಷಿ ಮಾಡೋದು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಗೊಂಚಲನ್ನು ಔಷಧದ ನೀರಿನಲ್ಲಿ ಅದ್ದಿ, ನೆರಳಿನ ಷೆಡ್ಡಿನಲ್ಲಿ ಜಾಲರಿ ಹಂತಗಳ ಮೇಲೆ ಹರಡಿ ಎರಡು ವಾರ ಬಿಟ್ಟಿರುತ್ತಾರೆ. ಹಂಪಿಯ ಹತ್ತಿರವೂ ವೈನ್ ತೋಟ ಇದೆ. ಆದರೆ ಹಂಪಿಗೆ ಹೋದವರು ಹಂಪಿ ನೋಡಲಿ.

ದಾರಿ ಹೇಗೆ? ಬೆಂಗಳೂರು ಟ್ರಾಫಿಕ್ ಒಳಗೆ ಸಿಕ್ಕಿಹಾಕ್ಕೊಬೇಕಾ?

ಬೇಡವೇ ಬೇಡ. ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರಕ್ಕೆ ಹೆದ್ದಾರಿ ಇದೆ. ನೆಲಮಂಗಲದ ಮುಖವನ್ನೂ ನೋಡಬೇಕಿಲ್ಲ. ಬೆಳಗ್ಗೆ ಐದಕ್ಕೆ ಬಿಟ್ಟರೆ ತಿಂಡಿ ತಿಂದುಕೊಂಡು ಹನ್ನೊಂದರೊಳಗೆ ತೋಟದಲ್ಲಿರಬಹುದು. ದುರ್ಗದವರಿಗೆ ಒಂದು ಗಂಟೆ ಕಡಿಮೆ.

ನನಗೆ ಇಷ್ಟವಾದ ದಾರಿ ಬೇರೆ: ಶಿರಾದಿಂದ ಮಧುಗಿರಿ, ಗೌರಿಬಿದನೂರು ಮೇಲೆ. ನಿಧಾನ, ಆದರೆ ಮಧುಗಿರಿಯ ಏಕಶಿಲಾ ಬೆಟ್ಟ ಕಾಣುತ್ತೆ. ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಇಳಿದು, 1938ರಲ್ಲಿ ಧ್ವಜ ಸತ್ಯಾಗ್ರಹದ ವೇಳೆ ಗುಂಡಿಗೆ ಬಲಿಯಾದವರ ಸ್ಮಾರಕ ನೋಡಬಹುದು. ಸಂಸ್ಕೃತದಲ್ಲಿ 'ಮಧು' ಅಂದರೆ ಜೇನೂ ಹೌದು, ಮದ್ಯವೂ ಹೌದು ಅಂತ ನಮ್ಮ ಗುಂಪಿನ ಮೇಷ್ಟ್ರು ಪ್ರತಿ ಸಲ ಅದೇ ತಿರುವಿನಲ್ಲಿ ನೆನಪಿಸುತ್ತಾರೆ.

ರೈಲಲ್ಲಿ ಹೋಗೋರಿಗೆ ದಾವಣಗೆರೆಯಿಂದ ಬೆಂಗಳೂರಿಗೆ ವಂದೇ ಭಾರತ್, ಜನಶತಾಬ್ದಿ ಎರಡೂ ಇವೆ. ಆದರೆ ಅಲ್ಲಿ ಇಳಿದ ಮೇಲೆ ತೋಟದಿಂದ ತೋಟಕ್ಕೆ ಓಡಾಡಲು ಹೇಗೂ ಗಾಡಿ ಬೇಕು. ನಾಲ್ಕು ಜನ ಇದ್ದರೆ ಊರಿಂದಲೇ ಕಾರು ತಗೊಂಡು ಹೋಗೋದು ವಾಸಿ.

ಯಾವ ತಿಂಗಳಲ್ಲಿ ಹೋಗಬೇಕು?

ಜನವರಿ ಕೊನೆಯಿಂದ ಮಾರ್ಚ್ ಮುಗಿಯುವತನಕ. ಬೇರೆ ತಿಂಗಳಾದರೆ ತೋಟದವರನ್ನು ವಿಚಾರಿಸಿಕೊಂಡು ಹೋಗಿ. ಯಾಕೆ ಅನ್ನೋದಕ್ಕೆ ನಮ್ಮದೇ ಕಥೆ ಇದೆ.

ಮೊದಲ ಸಲ ನಾನು ಬಹಳ ಬುದ್ಧಿವಂತಿಕೆ ಮಾಡಿದೆ. ಅಕ್ಟೋಬರ್ 2 ಗಾಂಧಿ ಜಯಂತಿ, ಎಲ್ಲೂ ಮದ್ಯ ಮಾರಲ್ಲ, ರಜೆಯೂ ಇದೆ, ಯಾರನ್ನೂ ತಡೆಯೋ ಗೋಜಿಲ್ಲ ಅಂತ ಅದೇ ದಿನ ಹೊರಡಿಸಿದೆ. ಹೋಗಿ ನೋಡಿದರೆ ತಂತಿಗೆ ಕಟ್ಟಿದ ಒಣ ಕಡ್ಡಿಗಳ ಸಾಲು. ಎಲೆಯಿಲ್ಲ, ಕಾಯಿಲ್ಲ. ವೈನ್ ದ್ರಾಕ್ಷಿಗೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕತ್ತರಿ ಹಾಕುತ್ತಾರೆ. ಅಲ್ಲಿಂದ ಹಣ್ಣಿಗೆ ನಾಲ್ಕೈದು ತಿಂಗಳು ಬೇಕು. ಅವತ್ತು ವೈನೂ ಇಲ್ಲ, ದ್ರಾಕ್ಷಿಯೂ ಇಲ್ಲ. ಭಾವ ಇವತ್ತಿಗೂ ಅದನ್ನು 'ಕಡ್ಡಿ ಟ್ರಿಪ್' ಅಂತಲೇ ಕರೆಯೋದು.

ಆದರೆ ಆ ಕಡ್ಡಿ ಟ್ರಿಪ್ಪಿನಲ್ಲೇ ನಾನು ಮರೆಯದ ಒಂದು ವಿಷಯ ಸಿಕ್ಕಿತು. ಕತ್ತರಿಸಿದ ಬಳ್ಳಿಯ ಕಣ್ಣುಗಳೆಲ್ಲ ಒಂದೇ ಸಲ ಒಡೆಯಲಿ ಅಂತ ಒಂದು ರಾಸಾಯನಿಕ ಸವರುತ್ತಾರೆ, ಹೈಡ್ರೋಜನ್ ಸಯನಮೈಡ್. ಕೈಗವಸು ಹಾಕಿಕೊಂಡು ಕಣ್ಣಿಂದ ಕಣ್ಣಿಗೆ ಹಚ್ಚುತ್ತಿದ್ದ ವಯಸ್ಸಾದವರೊಬ್ಬರು, "ಇದು ಹಚ್ಚೋ ವಾರ ಎಣ್ಣೆ ಮುಟ್ಟಂಗಿಲ್ಲ ಕಣಮ್ಮ, ಮುಟ್ಟಿದ್ರೆ ಆಸ್ಪತ್ರೇನೇ" ಅಂದರು. ಅವರು ಹೇಳಿದ್ದು ನಿಜ. ಆ ರಾಸಾಯನಿಕ ಮೈಗೆ ಸೇರಿದಾಗ ಮದ್ಯ ಕುಡಿದರೆ ಲಿವರಿಗೆ ಅದನ್ನು ಪೂರ್ತಿ ಕರಗಿಸಲು ಆಗದೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿಯುತ್ತೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಕೆಲಸ ಮಾಡೋದೂ ಹೆಚ್ಚುಕಡಿಮೆ ಹೀಗೆಯೇ. ಅಣ್ಣ ಆ ಮಾತ್ರೆ ನುಂಗಿದ್ದವನು. ಅವನು ಆ ಅಜ್ಜನ ಪಕ್ಕ ಕೂತು ಅರ್ಧ ಗಂಟೆ ಮಾತಾಡಿದ. ಏನು ಮಾತಾಡಿದರೋ, ನಾವು ಕೇಳಲಿಲ್ಲ.

ಕುಡಿಯಲ್ಲ ಅಂದರೆ ವೈನರಿ ಒಳಗೆ ಬಿಡ್ತಾರಾ?

ಬಿಡುತ್ತಾರೆ, ಆದರೆ ಮೊದಲೇ ಫೋನ್ ಮಾಡಿ. ಸಾಮಾನ್ಯವಾಗಿ ಟಿಕೆಟ್ಟಿನಲ್ಲಿ ತೋಟ, ಕಾರ್ಖಾನೆ ತೋರಿಸೋದರ ಜೊತೆ ರುಚಿ ನೋಡಿಸೋದೂ ಸೇರಿರುತ್ತೆ. "ನಮಗೆ ಟೂರ್ ಅಷ್ಟೇ ಸಾಕು, ಟೇಸ್ಟಿಂಗ್ ಬೇಡ, ಅದರ ಬದಲು ಜ್ಯೂಸ್ ಇದೆಯಾ, ದುಡ್ಡು ಕಡಿಮೆ ಆಗುತ್ತಾ, ಮಕ್ಕಳನ್ನು ಕರ್ಕೊಂಡು ಬರಬಹುದಾ" ಅಂತ ಈ ನಾಲ್ಕನ್ನೂ ಫೋನಲ್ಲೇ ಕೇಳಿ. ಬಾಗಿಲಲ್ಲಿ ನಿಂತು ಚೌಕಾಸಿ ಮಾಡೋದಕ್ಕಿಂತ ಇದು ಮರ್ಯಾದೆ.

ಕುಡಿಯದವರಿಗೂ ಒಳಗೆ ನೋಡೋಕೆ ಬೇಕಾದಷ್ಟಿದೆ. ಹಣ್ಣನ್ನು ಕಾಂಡದಿಂದ ಬಿಡಿಸೋ ಯಂತ್ರ, ಆಳೆತ್ತರದ ಸ್ಟೀಲ್ ಟ್ಯಾಂಕು, ಓಕ್ ಮರದ ಪೀಪಾಯಿ. ನನಗೆ ಆಶ್ಚರ್ಯವಾಗಿದ್ದು, ಕಪ್ಪು ದ್ರಾಕ್ಷಿಯ ರಸ ಬಹುತೇಕ ಬಿಳಿ ಅನ್ನೋದು. ಒಂದು ಹಣ್ಣನ್ನು ಬೆರಳಲ್ಲಿ ಹಿಸುಕಿ ತೋರಿಸಿದರು, ಅಂಗೈ ಮೇಲೆ ಬಿದ್ದದ್ದು ನೀರಿನ ಬಣ್ಣದ ರಸ. ಕೆಂಪು ವೈನಿನ ಕೆಂಪೆಲ್ಲ ಸಿಪ್ಪೆಯಿಂದ. ಸಿಪ್ಪೆಯ ಜೊತೆ ನೆನೆಯೋಕೆ ಬಿಟ್ಟರೆ ಕೆಂಪು, ಬೇಗ ಸೋಸಿಬಿಟ್ಟರೆ ಬಿಳಿ.

ಹುದುಗುವ ಕೋಣೆಯ ವಾಸನೆ ಮಾತ್ರ ಜೋರು. ಕುಡಿತ ಬಿಟ್ಟವರು ಗುಂಪಲ್ಲಿದ್ದರೆ ಆ ಕೋಣೆಗೆ ಹೋಗೋದು ಬಿಡೋದು ಅವರಿಷ್ಟ, ಬಲವಂತ ಮಾಡಬೇಡಿ. ನಮ್ಮಣ್ಣ ನಾಲ್ಕು ಸಲವೂ ತೋಟ ನೋಡಿದ್ದಾನೆ. ಆ ಬಾಗಿಲು ಒಂದು ಸಲವೂ ದಾಟಿಲ್ಲ.

ಬಾಯಲ್ಲಿಟ್ಟು ರುಚಿ ನೋಡಿ ಉಗುಳಿದರೆ ಲೆಕ್ಕಕ್ಕೆ ಬರುತ್ತಾ?

ಬರುತ್ತೆ. ಉಗುಳಿದರೂ ಸ್ವಲ್ಪ ಒಳಗೆ ಹೋಗೇ ಹೋಗುತ್ತೆ. ಏಕಾದಶಿ ದಿನ ಪಾಯಸ ಬಾಯಿಗಿಟ್ಟು ಉಗುಳಿದೆ ಅಂದ ಹಾಗೆ.

ಆಲ್ಕೋಹಾಲ್ ಇಲ್ಲದ ವೈನ್ ಅಂತ ಸಿಗುತ್ತಲ್ಲ, ಅದು ಪರವಾಗಿಲ್ವಾ?

ಅದನ್ನು ಮೊದಲು ವೈನ್ ಆಗಿಯೇ ಮಾಡಿ, ಆಮೇಲೆ ಅದರಿಂದ ಆಲ್ಕೋಹಾಲ್ ತೆಗೆಯುತ್ತಾರೆ. ಮಾಮೂಲಿ ವೈನಿನಲ್ಲಿ 12ರಿಂದ 14 ಶೇಕಡಾ ಇದ್ದರೆ ಇದರಲ್ಲಿ ಚೂರುಪಾರು ಉಳಿದಿರಬಹುದು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ 0.5 ಶೇಕಡಾ ಮೀರಿದರೆ ಮಾತ್ರ ಅದು 'ಮದ್ಯ'. ಅದಕ್ಕಿಂತ ಕಡಿಮೆ ಅಂದರೆ ಸೊನ್ನೆ ಅಂತ ಅರ್ಥ ಅಲ್ಲ. ಬಾಟಲಿಯ ಹಿಂದೆ 0.0 ಇದೆಯಾ, 0.5 ಇದೆಯಾ ಓದಿ.

ನಮ್ಮ ಗುಂಪಿನಲ್ಲಿ ಒಂದು ಮುಸ್ಲಿಂ ಕುಟುಂಬವಿದೆ, ಕುಡಿತ ಬಿಟ್ಟವನಿದ್ದಾನೆ, ಲಿಂಗ ಕಟ್ಟಿಕೊಂಡ ಅಜ್ಜಿ ಇದ್ದಾರೆ. ಮೂವರಿಗೂ ಇದು ಬೇಡ, ಮೂರು ಬೇರೆ ಬೇರೆ ಕಾರಣಕ್ಕೆ. ಬಿಟ್ಟವರ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಅದೇ ಗ್ಲಾಸು, ಅದೇ ಬಣ್ಣ, ಅದೇ ವಾಸನೆ ಕೈಗೆ ಕೊಟ್ಟು "ಇದು ಅದಲ್ಲ" ಅನ್ನೋದು ಚೇಷ್ಟೆ. ದ್ರಾಕ್ಷಿ ರಸ ಬೇರೆ, ಅದು ಹುದುಗಿಸಿದ್ದೇ ಅಲ್ಲ.

ಹೋಟೆಲ್ ಊಟದಲ್ಲಿ ಗೊತ್ತಾಗದೆ ಸೇರಿಬಿಟ್ಟರೆ?

ವೈನರಿಯ ರೆಸ್ಟೋರೆಂಟಿನಲ್ಲಿ ಸಾಸು, ಕೇಕು, ಚಾಕೊಲೇಟ್ ಬಗ್ಗೆ ಕೇಳಿ. ಕುದಿಸಿದರೆ ಎಲ್ಲ ಹಾರಿಹೋಗುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಹದಿನೈದು ನಿಮಿಷ ಕುದಿಸಿದ ಮೇಲೂ ಸುಮಾರು 40 ಶೇಕಡಾ ಉಳಿಯುತ್ತೆ. ಡೈಸಲ್ಫಿರಾಮ್ ಮಾತ್ರೆಯಲ್ಲಿರುವವರಿಗೆ ಇಷ್ಟೂ ತೊಂದರೆ ಕೊಡಬಹುದು. ಕೆಮ್ಮಿನ ಟಾನಿಕ್, ಮೌತ್‌ವಾಷ್ ಕೂಡ ಲೇಬಲ್ ನೋಡಿಯೇ ಬಳಸಬೇಕು.

ನಾವಂತೂ ಊಟಕ್ಕೆ ಊರ ಹೋಟೆಲೇ ಹುಡುಕೋದು. ಜನವರಿಯಲ್ಲಿ ಹೋದರೆ ಆ ಕಡೆ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು, ಮುದ್ದೆ. ರೊಟ್ಟಿ ಜನ ನಾವು, ಮುದ್ದೆ ನುಂಗೋಕೆ ಬರದೆ ಅಗಿದು ಅಗಿದು ಸಾಕಾಯಿತು. ಪಕ್ಕದ ಟೇಬಲಿನವರು ನೋಡಿ ನಕ್ಕು, ಬೆರಳಲ್ಲಿ ಮುರಿದು, ಸಾರಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ಇಳಿಸೋದು ತೋರಿಸಿಕೊಟ್ಟರು.

ಮನೆಯ ಗಂಡಸರು "ಎಣ್ಣೆ ಇಲ್ದೇ ಟೂರಾ?" ಅಂತಾರೆ. ಒಪ್ಪಿಸೋದು ಹೇಗೆ?

ಒಪ್ಪಿಸೋಕೆ ಹೋಗಬೇಡಿ, ಮೊದಲೇ ಹೇಳಿಬಿಡಿ. ಅಲ್ಲಿ ಹೋದ ಮೇಲೆ ಹೇಳಿದರೆ ಜಗಳ, ಹೊರಡುವ ಮುಂಚೆ ಹೇಳಿದರೆ ಅದು ಷರತ್ತು. ನಾನು ವಾಟ್ಸಾಪ್ ಗುಂಪಿಗೆ ಹಾಕಿದ್ದು ಇಷ್ಟು: "ಶನಿವಾರ ಬೆಳಗ್ಗೆ 5ಕ್ಕೆ ಹೊರಡೋದು, ಭಾನುವಾರ ರಾತ್ರಿ ವಾಪಸ್. ಈ ಎರಡು ದಿನ ಯಾರೂ ಕುಡಿಯಲ್ಲ, ಕದ್ದೂ ಇಲ್ಲ. ಆಗಲ್ಲ ಅನ್ನೋರು ಮುಂದಿನ ಟ್ರಿಪ್ಪಿಗೆ ಬನ್ನಿ, ಬೇಜಾರಿಲ್ಲ." ಇಬ್ಬರು ಬರಲಿಲ್ಲ. ಹನ್ನೊಂದು ಜನ ಬಂದರು.

ಇದರಲ್ಲಿ 'ಕದ್ದೂ ಇಲ್ಲ' ಅನ್ನೋ ಮಾತು ಬಿಡಬೇಡಿ. ಕಾರಿನ ಡಿಕ್ಕಿಯಲ್ಲಿ ನೀರಿನ ಬಾಟಲಿಗೆ ಸುರಿದು ತರುವ ವಿದ್ಯೆ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು "ಕಂಪನಿಗೆ ಒಂದು ಪೆಗ್" ಅನ್ನೋರಿಗೆ ಕಾನೂನು ನೆನಪಿಸಿ. ರಕ್ತದ 100 ಮಿ.ಲೀ.ಗೆ 30 ಮಿ.ಗ್ರಾಂ ಮೀರಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಊದು ಅಂದಾಗ ಎದೆ ಡವಡವ ಅನ್ನದೆ ಊದೋದೇ ಒಂದು ಸುಖ ಅಂತ ಭಾವನೇ ಒಪ್ಪಿಕೊಂಡಿದ್ದಾರೆ.

ಸಂಜೆ ಹೊತ್ತು ಏನು ಮಾಡೋದು? ಬೇಜಾರಾಗಲ್ವಾ?

ಇದು ಸರಿಯಾದ ಪ್ರಶ್ನೆ. ಹಗಲು ಹೇಗೋ ಕಳೆಯುತ್ತೆ. ಆರರಿಂದ ಒಂಬತ್ತರವರೆಗಿನ ಮೂರು ಗಂಟೆಯೇ ಪರೀಕ್ಷೆ. ಕುಡಿಯುವವರ ಕೈ ಆ ಹೊತ್ತಿಗೆ ಸುಮ್ಮನಿರಲ್ಲ, ಆದ್ದರಿಂದ ಕೈಗೆ ಕೆಲಸ ಕೊಡಬೇಕು.

ನಾವು ಊರಿಂದಲೇ ಮಂಡಕ್ಕಿ ಚೀಲ ಒಯ್ಯುತ್ತೇವೆ. ಜೊತೆಗೆ ಪುಟಾಣಿ, ಶೇಂಗಾ, ಬೆಳ್ಳುಳ್ಳಿ ಖಾರ. ದಪ್ಪ ಮೆಣಸಿನಕಾಯಿ, ಕಡ್ಲೆಹಿಟ್ಟು ಕೂಡ. ಉಳಿದುಕೊಂಡ ಮನೆಯವರು ಒಲೆ ಕೊಟ್ಟರೆ ಗಂಡಸರೇ ಮಿರ್ಚಿ ಕರೆಯಬೇಕು ಅನ್ನೋದು ನಿಯಮ. ಎಣ್ಣೆ ಬೇಕು ಅಂದವರಿಗೆ ಬಾಣಲೆ ತುಂಬ ಎಣ್ಣೆ! ಒಬ್ಬರು ಈರುಳ್ಳಿ ಹೆಚ್ಚುತ್ತಾ, ಒಬ್ಬರು ಹಿಟ್ಟು ಕಲಸುತ್ತಾ, ಒಬ್ಬರು ಕರಿಯುತ್ತಾ ಎರಡು ಗಂಟೆ ಹೋದದ್ದೇ ಗೊತ್ತಾಗಲ್ಲ. ನೆಂಚಿಕೊಳ್ಳೋದೇ ಊಟವಾಗಿಬಿಡುತ್ತೆ.

ಕುಡಿಯೋಕೆ ಏನು? ಮಧ್ಯಾಹ್ನ ತೋಟದಿಂದ ತಂದ ಬೆಂಗಳೂರು ಬ್ಲೂ. ಎರಡು ಕೆಜಿ ಹಣ್ಣು ತೊಳೆದು, ಮುಳುಗುವಷ್ಟು ನೀರು ಹಾಕಿ ಹತ್ತು ನಿಮಿಷ ಕುದಿಸಿ, ಸೌಟಲ್ಲಿ ಮೆಲ್ಲಗೆ ಅದುಮಿ, ಬಟ್ಟೆಯಲ್ಲಿ ಸೋಸಬೇಕು. ಮಿಕ್ಸಿಗೆ ಹಾಕಬೇಡಿ, ಬೀಜ ಅರೆದು ಒಗರು ಬರುತ್ತೆ. ಆರಿದ ಮೇಲೆ ಬೆಲ್ಲ, ಕಾಳುಮೆಣಸಿನ ಪುಡಿ, ಚಿಟಿಕೆ ಕಪ್ಪು ಉಪ್ಪು, ನಿಂಬೆ ರಸ. ಬಣ್ಣ ಅಪ್ಪಟ ಕೆಂಪು ವೈನ್. ಸ್ಟೀಲ್ ಲೋಟದಲ್ಲೇ ಕೊಡುತ್ತೇವೆ, ಯಾಕೆ ಅಂತ ಮೇಲೆ ಹೇಳಿದೆನಲ್ಲ.

ಆಮೇಲೆ ಅಂತ್ಯಾಕ್ಷರಿ, ಇಸ್ಪೀಟು (ದುಡ್ಡಿಲ್ಲದೆ), ಅಜ್ಜಿಯ ಒಗಟು. ಹತ್ತೂವರೆಗೆ ಎಲ್ಲರೂ ಮಲಗುತ್ತಾರೆ. ಬೆಳಗ್ಗೆ ಐದಕ್ಕೆ ಒಬ್ಬರಿಗೂ ತಲೆನೋವಿಲ್ಲದೆ ಏಳೋದನ್ನು ನಮ್ಮಲ್ಲಿ ಕೆಲವರು ಮೊದಲ ಸಲ ನೋಡಿದ್ದು.

ಎಲ್ಲಿ ಉಳಿದುಕೊಳ್ಳೋದು?

ಬೆಟ್ಟದ ಮೇಲೆ ಪ್ರವಾಸೋದ್ಯಮ ನಿಗಮದ ಮಯೂರ ಪೈನ್ ಟಾಪ್ ಇದೆ. ಕೆಳಗೆ ಹೋಂಸ್ಟೇ, ರೆಸಾರ್ಟು ಬೇಕಾದಷ್ಟು. ಬುಕ್ ಮಾಡುವಾಗ ಮೂರು ಕೇಳಿ: ಬಾರ್ ಇದೆಯಾ, ಇದ್ದರೆ ರೂಮಿಗೂ ಊಟದ ಹಾಲಿಗೂ ಎಷ್ಟು ದೂರ, ಶನಿವಾರ ರಾತ್ರಿ ಡಿಜೆ ಹಾಕ್ತೀರಾ. ಎರಡನೇ ಟ್ರಿಪ್ಪಿನಲ್ಲಿ ಮೂರನೆಯದನ್ನು ಕೇಳೋಕೆ ಮರೆತೆ. ರಾತ್ರಿ ಒಂದರವರೆಗೆ ಪಕ್ಕದ ಹುಲ್ಲುಹಾಸಿನ ಮೇಲೆ ಯಾರದೋ ಹುಟ್ಟುಹಬ್ಬ. ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡು ಜಪ ಮಾಡಿದರು. ಮ್ಯಾನೇಜರ್ ಬೆಳಗ್ಗೆ ಕ್ಷಮಿಸಿ ಅಂದ, ಬಿಲ್ಲಲ್ಲಿ ಮಾತ್ರ ಒಂದು ರೂಪಾಯಿ ಬಿಡಲಿಲ್ಲ.

ರೂಮಿನ ಫ್ರಿಡ್ಜಿನಲ್ಲಿ ಬಾಟಲಿ ಇಟ್ಟಿದ್ದರೆ ನೀವು ಬರುವ ಮುಂಚೆಯೇ ತೆಗೆಸಿ ಅಂತ ಹೇಳಬಹುದು. ಯಾರೂ ಬೇಡ ಅನ್ನಲ್ಲ.

ನಮ್ಮವರು ಈಗಷ್ಟೇ ಕುಡಿಯೋದು ಬಿಟ್ಟಿದ್ದಾರೆ. ಕರ್ಕೊಂಡು ಹೋಗಬಹುದಾ?

ಮೊದಲ ವರ್ಷ ಬೇಡ. ಅಣ್ಣನೇ ಹೇಳೋ ಮಾತಿದು. ಬಿಟ್ಟ ಹೊಸದರಲ್ಲಿ ದಾರಿಯಲ್ಲಿ ಒಂದು ಬೋರ್ಡ್ ಕಂಡರೂ ಮನಸ್ಸು ಹಿಂದೆ ಓಡುತ್ತೆ, ಇಲ್ಲಿ ಊರ ತುಂಬ ಬೋರ್ಡು. ಆ ವರ್ಷ ನಾವು ಚಂದ್ರವಳ್ಳಿ, ಜೋಗಿಮಟ್ಟಿ, ವಾಣಿವಿಲಾಸ ಸಾಗರ (ಮಾರಿಕಣಿವೆ) ಅಂತ ನಮ್ಮ ಜಿಲ್ಲೆಗಳಲ್ಲೇ ಸುತ್ತಿದೆವು. ಮಾರಿಕಣಿವೆಯ ಕಟ್ಟೆ ಮೇಲೆ ಕೂತು ಚುರುಮುರಿ ತಿಂದರೆ ಯಾರಿಗೂ ಏನೂ ನೆನಪಾಗಲ್ಲ.

ಒಂದೆರಡು ವರ್ಷ ಆದವರು ತಾವಾಗಿ ಬರ್ತೀನಿ ಅಂದರೆ ಕರೆಯಿರಿ. ಬೇಕೆನಿಸಿದಾಗ ಎದ್ದು ಹೊರಡಲು ಅವರ ಕೈಯಲ್ಲೇ ಒಂದು ಕಾರಿನ ಕೀ ಇರಲಿ.

ಮಾವ ದಿನಾ ಕುಡೀತಾರೆ. ಎರಡು ದಿನ ಬಿಡಿಸಿದ ಹಾಗಾಗುತ್ತೆ ಅಂತ ಕರ್ಕೊಂಡು ಹೋಗಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ಇಡೀ ಬರಹದಲ್ಲಿ ನೀವು ಒಂದೇ ಉತ್ತರ ಓದೋದಾದರೆ ಇದನ್ನು ಓದಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಇಲ್ಲದ್ದು ಕಂಡಂತಾಗಿ, ಎಲ್ಲಿದ್ದೇವೆ ಅನ್ನೋದೇ ತಿಳಿಯದ ಸ್ಥಿತಿಗೂ ಹೋಗಬಹುದು. ಅದು ಜೀವಕ್ಕೆ ಅಪಾಯ. ಅದೂ ಎಲ್ಲಿ? ಆಸ್ಪತ್ರೆಯಿಂದ ದೂರದ ತೋಟದ ಮನೆಯಲ್ಲಿ, ಭಾನುವಾರ.

ಅಂಥವರು ಡಾಕ್ಟರ ಕಣ್ಣೆದುರಿಗೆ, ಮಾತ್ರೆಯ ಆಸರೆಯಲ್ಲಿ ನಿಲ್ಲಿಸಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ರೋಗ ವಿಭಾಗದಲ್ಲಿ ವಿಚಾರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ದ್ರಾಕ್ಷಿ ತೋಟ ಎಲ್ಲಿಗೂ ಓಡಿಹೋಗಲ್ಲ, ಮುಂದಿನ ಸಂಕ್ರಾಂತಿ ಕಳೆದ ಮೇಲೆ ಹೋಗಿ.

ದ್ರಾಕ್ಷಿ ಬಿಟ್ಟು ನೋಡೋಕೆ ಏನಿದೆ?

ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಅರ್ಧ ದಿನ ಇಡಿ. ಅಲ್ಲಿನ ಹಳೆಯ ಶಾಸನ ಒಂಬತ್ತನೇ ಶತಮಾನದ ಆರಂಭದ್ದು, ನೊಳಂಬರ ಕಾಲದ್ದು. ನಮ್ಮ ದುರ್ಗದ ಸೀಮೆಯೂ ಒಂದು ಕಾಲಕ್ಕೆ ನೊಳಂಬವಾಡಿಗೇ ಸೇರಿತ್ತು, ಹಾಗಾಗಿ ಅಲ್ಲಿ ನಾವು ಪೂರ್ತಿ ಪರವೂರವರಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಕೂರಬೇಕು. ಕೆಳಗಿನ ಶಿವ ಭೋಗನಂದೀಶ್ವರ, ಬೆಟ್ಟದ ಮೇಲಿನವನು ಯೋಗನಂದೀಶ್ವರ. ಕೆಳಗೆ ಭೋಗ, ಮೇಲೆ ಯೋಗ, ಬುಡದ ಸುತ್ತ ದ್ರಾಕ್ಷಿ ತೋಟ. ನಮ್ಮ ಮೇಷ್ಟ್ರಿಗೆ ಭಾಷಣಕ್ಕೆ ಇಷ್ಟು ಸಾಕಾಯಿತು.

ನಂದಿಬೆಟ್ಟ 1,478 ಮೀಟರ್ ಎತ್ತರ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ಇಲ್ಲಿಗೇ ಬಂದು ಉಳಿದಿದ್ದರು, 1936ರಲ್ಲಿ ಇನ್ನೊಮ್ಮೆ ಬಂದರು. ಜೀವನವಿಡೀ ಪಾನನಿರೋಧ ಸಾರಿದವರು ಸುಧಾರಿಸಿಕೊಂಡ ಬೆಟ್ಟದ ಕೆಳಗೇ ವೈನ್ ತೋಟ ಬಂತು. ನಾವು ಮೇಲಿಂದ ಎರಡನ್ನೂ ನೋಡಿದೆವು. ಶನಿವಾರ-ಭಾನುವಾರ ಗಾಡಿಗಳ ನೂಕುನುಗ್ಗಲು, ಕೆಲವೊಮ್ಮೆ ಮೇಲಕ್ಕೆ ಬಿಡೋದನ್ನೇ ನಿಲ್ಲಿಸುತ್ತಾರೆ. ಹೊರಡುವ ಮುಂಚೆ ವಿಚಾರಿಸಿಕೊಂಡು, ಹೋಗೋದಾದರೆ ಬೆಳಕು ಹರಿಯುವ ಮೊದಲೇ ಹೋಗಿ.

ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ, ಸ್ಮಾರಕ. ಘಾಟಿ ಸುಬ್ರಹ್ಮಣ್ಯ ಹತ್ತಿರದಲ್ಲೇ. ಚಿಕ್ಕಬಳ್ಳಾಪುರದ ಆದಿಯೋಗಿ ನೋಡಲೇಬೇಕು ಅಂತ ಮಕ್ಕಳು ಹಟ ಹಿಡಿಯುತ್ತಾರೆ, ತಯಾರಿರಿ.

ಶುಗರ್ ಇದೆ. ದ್ರಾಕ್ಷಿ ತಿನ್ನಬಹುದಾ? ಮಕ್ಕಳಿಗೆ? ನಾಯಿಗೆ?

ನೂರು ಗ್ರಾಂ ದ್ರಾಕ್ಷಿಯಲ್ಲಿ ಸುಮಾರು 16 ಗ್ರಾಂ ಸಕ್ಕರೆ ಇರುತ್ತೆ, ಅಂದರೆ ಟೀ ಚಮಚದಲ್ಲಿ ನಾಲ್ಕು. ಹಣ್ಣು ಎಣಿಸಿಕೊಂಡು ತಿನ್ನಿ, ರಸ ಬಿಡಿ. ಲೋಟ ರಸ ಕುಡಿಯೋದು ಸುಲಭ, ಅಷ್ಟೇ ಹಣ್ಣು ತಿನ್ನೋದು ಕಷ್ಟ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಹಣ್ಣು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಉದ್ದಕ್ಕೆ ಸೀಳಿ ಬೀಜ ತೆಗೆದು ಕೊಡಿ. ನಾಯಿಗೆ ಒಂದೂ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಕ್ಕೆ ವಿಷ.

ವಾಪಸ್ ಬರುವಾಗ ತಾಜಾ ಜ್ಯೂಸ್ ತರಬಹುದಾ?

ಐಸ್ ಡಬ್ಬಿ ಇಲ್ಲದಿದ್ದರೆ ತರಬೇಡಿ. ನಾನು ತಂದೆ.

ಮಾರ್ಚ್ ತಿಂಗಳು. ಶನಿವಾರ ಸಂಜೆ ತೋಟದವರು ಕಣ್ಣೆದುರೇ ಹಿಂಡಿಕೊಟ್ಟ ಎರಡು ಲೀಟರ್ ರಸ. "ಇವತ್ತೇ ಕುಡೀರಿ, ಇಲ್ಲಾಂದ್ರೆ ಫ್ರಿಡ್ಜಲ್ಲಿಡಿ" ಅಂತ ಎರಡು ಸಲ ಹೇಳಿದ್ದರು. ಅತ್ತೆಗೆ ಒಯ್ಯಬೇಕು ಅಂತ ನಾನು ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಡಿಕ್ಕಿಯಲ್ಲಿಟ್ಟೆ. ಭಾನುವಾರ ಇಡೀ ದಿನ ಬಿಸಿಲು. ಶಿರಾ ದಾಟಿದ ಮೇಲೆ ಹಿಂದಿನಿಂದ ಟಪ್ ಅಂತ ಸದ್ದು. ಟೈರ್ ಹೋಯಿತು ಅಂತ ಅಣ್ಣ ಗಾಡಿ ಪಕ್ಕಕ್ಕೆ ಹಾಕಿದ. ಡಿಕ್ಕಿ ತೆಗೆದರೆ ಮುಚ್ಚಳ ಹಾರಿ ಮಂಡಕ್ಕಿ ಚೀಲದ ಮೇಲೆ ನೇರಳೆ ನೊರೆ. ಬಾಟಲಿ ಉಬ್ಬಿ ನಿಂತಿತ್ತು, ಒಳಗೆ ಸಣ್ಣಗೆ ಗುಳುಗುಳು.

ಹಣ್ಣಿನ ಸಿಪ್ಪೆಯ ಮೇಲೆ, ಹಿಂಡುವ ಪಾತ್ರೆಯಲ್ಲಿ, ಎಲ್ಲೆಲ್ಲೂ ಯೀಸ್ಟ್ ಇರುತ್ತೆ. ಕುದಿಸದ ರಸ, ಸಕ್ಕರೆ, ಬೆಚ್ಚಗಿನ ಡಿಕ್ಕಿ: ಅದಕ್ಕೆ ಇನ್ನೇನು ಬೇಕು? ಸಕ್ಕರೆ ತಿಂದು ಆಲ್ಕೋಹಾಲೂ ಗಾಳಿಯೂ ಮಾಡಿಟ್ಟಿತ್ತು. ಎರಡು ದಿನ ಹನ್ನೊಂದು ಜನರನ್ನು ಕಾಯ್ದ ನಾನೇ ಹೆದ್ದಾರಿಯಲ್ಲಿ ವೈನ್ ಮಾಡುತ್ತಾ ಬಂದಿದ್ದೆ. ಅಣ್ಣ ವಾಸನೆ ಬಂದಕೂಡಲೇ ನಾಲ್ಕು ಹೆಜ್ಜೆ ಹಿಂದೆ ಸರಿದ. ಆಮೇಲೆ ಬಾಟಲಿಯನ್ನು ರಸ್ತೆ ಬದಿಯ ಜಾಲಿಗಿಡದ ಬುಡಕ್ಕೆ ಸುರಿಯುತ್ತಾ ನಿಂತ ನನ್ನನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನೋಡಿ ಬಹಳ ದಿನ ಆಗಿತ್ತು.

ತರಲೇಬೇಕಾದರೆ ಹಣ್ಣು ತನ್ನಿ. ಕಾಂಡ ಹಸಿರಾಗಿರಬೇಕು, ಗೊಂಚಲು ಅಲ್ಲಾಡಿಸಿದರೆ ಉದುರಬಾರದು, ಮೇಲಿನ ಬೂದಿಯಂಥ ಪುಡಿ ಅಳಿಸಿರಬಾರದು. ಅದು ಹಣ್ಣಿನದೇ ಮೇಣ. ತೊಳೆಯದೆ ತಂದು, ತಿನ್ನುವಾಗ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯಿರಿ.

ಆಫೀಸಿನವರು "ಹೋಗ್ತಾ ಇದೀರಲ್ಲ, ನಮಗೊಂದು ಬಾಟಲ್ ತನ್ನಿ" ಅಂದರೆ?

"ದ್ರಾಕ್ಷಿ ತಂದುಕೊಡ್ತೀನಿ" ಅನ್ನುತ್ತೇನೆ, ತಂದೂ ಕೊಡುತ್ತೇನೆ. ಇದುವರೆಗೆ ಯಾರೂ ಬೇಡ ಅಂದಿಲ್ಲ. ಇಬ್ಬರು ಮಾತ್ರ ಬೀಜ ಯಾಕಿದೆ ಅಂತ ಕೇಳಿದ್ದಾರೆ.